ಅರವತ್ತೈದರಲ್ಲಿ ಕಡಲು ಗೆದ್ದ ಚಿಚೆಸ್ಟರ್

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಸುಳ್ಳಾಗಿಸಿದವರ ಸಾಲಿನಲ್ಲಿ ಇಂಗ್ಲೆಂಡಿನ ಸರ್ ಫ್ರಾನ್ಸಿಸ್ ಚಿಚೆಸ್ಟರ್ ಅವರದು ಎದ್ದು ಕಾಣುವ ಹೆಸರು. 65ರ ಹರೆಯದಲ್ಲಿ ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಈ ಸಾಹಸಿಗೆ ದೋಣಿ ವಿಹಾರದ ಹವ್ಯಾಸ ಅಂಟಿದ್ದು ಐವತ್ತು ದಾಟಿದ ಮೇಲೆ!

1901ರ ಸೆಪ್ಟೆಂಬರ್ 17ರಂದು ಡೆವನ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಚಿಚೆಸ್ಟರ್, ಹದಿನೆಂಟರಲ್ಲೇ ನ್ಯೂಜಿಲೆಂಡಿಗೆ ತೆರಳಿ ಉದ್ಯಮಿಯಾದರು. 1931ರಲ್ಲಿ ಪುಟ್ಟ ವಿಮಾನದಲ್ಲಿ ಟಾಸ್ಮನ್ ಸಮುದ್ರವನ್ನು ಏಕಾಂಗಿಯಾಗಿ ದಾಟಿ ಖ್ಯಾತರಾದರು. ಎರಡನೇ ಮಹಾಯುದ್ಧದ ನಂತರ ಲಂಡನ್‌ನಲ್ಲಿ ನಕ್ಷೆಗಳ ಪ್ರಕಾಶನ ಆರಂಭಿಸಿದರು.

1953ರಲ್ಲಿ ಹಾಯಿದೋಣಿ ಕೊಂಡು, ಅದಕ್ಕೆ ತಮ್ಮ ಹಳೆಯ ವಿಮಾನದ ಹೆಸರನ್ನೇ ಇಟ್ಟರು: ಜಿಪ್ಸಿ ಮಾತ್. ಆಗಸದಲ್ಲಿ ಕಲಿತ ದಿಕ್ಕು ಗುರುತಿಸುವ ವಿದ್ಯೆ ಕಡಲಲ್ಲೂ ಕೈಹಿಡಿಯಿತು. ಆದರೆ 1958ರಲ್ಲಿ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಎಂದರು. ಆ ರೋಗನಿರ್ಣಯದ ಬಗ್ಗೆ ಮುಂದೆ ಅನುಮಾನಗಳೂ ಎದ್ದವು. ಶಸ್ತ್ರಚಿಕಿತ್ಸೆಗೆ ಒಪ್ಪದ ಪತ್ನಿ ಶೀಲಾ ಅವರ ಆರೈಕೆಯಲ್ಲಿ ಚೇತರಿಸಿಕೊಂಡ ಚಿಚೆಸ್ಟರ್, 1960ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಏಕಾಂಗಿ ಸ್ಪರ್ಧೆಯನ್ನು 40 ದಿನಗಳಲ್ಲಿ ಗೆದ್ದರು.

1966ರ ಆಗಸ್ಟ್ 27ರಂದು ಪ್ಲಿಮತ್‌ನಿಂದ ಹೊರಟ ಅವರು 107 ದಿನಗಳಲ್ಲಿ ಸಿಡ್ನಿ ತಲುಪಿದರು. ಬಳಲಿದ್ದ ಅವರನ್ನು ಪಯಣ ನಿಲ್ಲಿಸುವಂತೆ ಹಲವರು ಒತ್ತಾಯಿಸಿದರೂ ಕೇಳಲಿಲ್ಲ. ಹಿಂದೆ ಹಾರಿ ದಾಟಿದ್ದ ಟಾಸ್ಮನ್ ಸಮುದ್ರದಲ್ಲೇ ಬಿರುಗಾಳಿಗೆ ದೋಣಿ ಮಗುಚಿ, ಮತ್ತೆ ನೆಟ್ಟಗಾಯಿತು. 1967ರ ಮೇ 28ರಂದು ಪ್ಲಿಮತ್‌ಗೆ ಮರಳಿದಾಗ ಕಡಲಲ್ಲಿ ಕಳೆದ ದಿನಗಳು 226; ನಡುವೆ ತಂಗಿದ್ದು ಸಿಡ್ನಿಯಲ್ಲಿ ಮಾತ್ರ.

ಆ ಜುಲೈನಲ್ಲಿ ರಾಣಿ ಎರಡನೇ ಎಲಿಜಬೆತ್, ಗ್ರೀನಿಚ್‌ನಲ್ಲಿ ನಾವಿಕ ಫ್ರಾನ್ಸಿಸ್ ಡ್ರೇಕ್‌ನ ಖಡ್ಗದಿಂದಲೇ ಅವರಿಗೆ ಸರ್ ಪದವಿ ಪ್ರದಾನ ಮಾಡಿದರು. 1972ರ ಆಗಸ್ಟ್ 26ರಂದು ಚಿಚೆಸ್ಟರ್ ಪ್ಲಿಮತ್‌ನಲ್ಲೇ ಕೊನೆಯುಸಿರೆಳೆದರು.