ಮಸ್ಕಿ ಶಾಸನ ಸಿಗುವವರೆಗೆ ಅಶೋಕ ಯಾರಿಗೂ ಗೊತ್ತಿರಲಿಲ್ಲವೇ?

ಮೈಸೂರಿನ ಅಶೋಕಪುರಂನಲ್ಲಿ ರೈಲು ನಿಲ್ದಾಣದ ಬೋರ್ಡಿನಲ್ಲೂ ಅಶೋಕನ ಹೆಸರಿದೆ. ಆದರೆ ಅಶೋಕ ಚಕ್ರವರ್ತಿ ಸ್ವತಃ ಕೆತ್ತಿಸಿದ ಬಹುಪಾಲು ಶಾಸನಗಳಲ್ಲಿ ಆ ಹೆಸರೇ ಇಲ್ಲ! 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಶಾಸನ ಸಿಗುವವರೆಗೆ ಅಶೋಕ ಯಾರೆಂದು ಜಗತ್ತಿಗೇ ತಿಳಿದಿರಲಿಲ್ಲ ಎನ್ನುವ ಮಾತು ಹುಟ್ಟಿದ್ದು ಇದರಿಂದಲೇ. ಅದು ಅರ್ಧ ಮಾತ್ರ ನಿಜ.

ಅಶೋಕ ಬಿಂದುಸಾರನ ಮಗ, ಚಂದ್ರಗುಪ್ತ ಮೌರ್ಯನ ಮೊಮ್ಮಗ. ಪಟ್ಟಕ್ಕೆ ಬಂದದ್ದು ಸುಮಾರು ಕ್ರಿ.ಪೂ. 268ರಲ್ಲಿ. ಎಂಟು ವರ್ಷಗಳ ಬಳಿಕ ಕಳಿಂಗವನ್ನು ಗೆದ್ದ. ಸತ್ತವರು ಒಂದು ಲಕ್ಷ, ಸೆರೆಹಿಡಿದು ಸಾಗಿಸಿದವರು ಒಂದೂವರೆ ಲಕ್ಷ ಎಂಬ ಲೆಕ್ಕವನ್ನೂ ತನ್ನ ಪಶ್ಚಾತ್ತಾಪವನ್ನೂ ಅವನೇ ಬರೆಸಿದ. ವಿಚಿತ್ರವೆಂದರೆ, ಕಳಿಂಗದ ಧೌಲಿ, ಜೌಗಡದ ಪ್ರತಿಗಳಲ್ಲಿ ಆ ಭಾಗವಿಲ್ಲ. ಸೋತವರ ಮುಂದೆ ಅದನ್ನು ಹೇಳಲು ಸಂಕೋಚವಾಯಿತೇನೋ.

ಒಂದೇ ಆಜ್ಞೆಯನ್ನು ಅನೇಕ ಕಡೆ ಪ್ರತಿ ಮಾಡಿಸುವುದು ಅವನ ಪದ್ಧತಿ. ಇಂದಿನ ಮಾತಿನಲ್ಲಿ ಹೇಳಿದರೆ ಬ್ಯಾಕಪ್. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಕ್ಕಪಕ್ಕದಲ್ಲೇ ಮೂರು ಪ್ರತಿಗಳಿವೆ. 1892ರಲ್ಲಿ ಅವನ್ನು ಪತ್ತೆ ಮಾಡಿದವರು ಬಿ.ಎಲ್. ರೈಸ್. ಬ್ರಹ್ಮಗಿರಿಯಲ್ಲಿ ಬರೆದವನ ಹೆಸರು ಚಪಡ ಎಂದು ಇದೆ. ರಾಜನ ಹೆಸರಿಲ್ಲ! ದೇವತೆಗಳಿಗೆ ಪ್ರಿಯನಾದವನು ಎಂಬರ್ಥದ ದೇವಾನಾಂಪಿಯ ಎಂಬ ಬಿರುದು ಮಾತ್ರ ಇದೆ. ಆಳುತ್ತಿರುವ ರಾಜ ಯಾರೆಂದು ಆಗ ಎಲ್ಲರಿಗೂ ಗೊತ್ತಿತ್ತಲ್ಲ.

ಡೇಟಾಬೇಸ್ ಕೆಲಸದವರಿಗೆ ಈ ತಾಪತ್ರಯ ಪರಿಚಿತ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಟೇಬಲ್ ತನ್ನ ಮೂಲ ಟೇಬಲ್‌ನಿಂದ ಡೀಫಾಲ್ಟ್‌ಗಳನ್ನು, ಅಂದರೆ ಕಾಲಂ ಖಾಲಿ ಬಿಟ್ಟರೆ ತಾನಾಗಿ ತುಂಬಿಕೊಳ್ಳುವ ಮೌಲ್ಯಗಳನ್ನು, ಪಡೆಯಬಹುದು. ಅಂಥ ಟೇಬಲ್‌ನ ಡೇಟಾ ಮಾತ್ರ ಬ್ಯಾಕಪ್ ಮಾಡಿ ಬೇರೆ ಕಡೆ ರಿಸ್ಟೋರ್ ಮಾಡಿದರೆ ಸಾಲುಗಳು ಬರುತ್ತವೆ, ಡೀಫಾಲ್ಟ್ ನಿಯಮ ಬರುವುದಿಲ್ಲ. ಅದು ಉಳಿಯುವುದು ಮೂಲದಲ್ಲೇ.

ಅಶೋಕ ಕ್ರಿ.ಪೂ. 232ರ ಸುಮಾರಿಗೆ ತೀರಿಕೊಂಡ. ಕಾಲಕ್ರಮೇಣ ಅವನ ಲಿಪಿಯನ್ನು ಓದುವವರೇ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ, ದೇವಾನಾಂಪಿಯ ಎಂದರೆ ಸಿಂಹಳದ ರಾಜನಿರಬೇಕು ಎಂದುಕೊಂಡ. ಅದೇ ವರ್ಷ ಜಾರ್ಜ್ ಟರ್ನರ್ ಪಾಲಿ ಭಾಷೆಯ ದೀಪವಂಸವನ್ನು ನೋಡಿ, ಶಾಸನಗಳ ಪಿಯದಸಿ ಅಶೋಕನೇ ಎಂದು ತೋರಿಸಿದ. ಅಂದರೆ ಮಸ್ಕಿಗಿಂತ 78 ವರ್ಷ ಮೊದಲೇ ವಿದ್ವಾಂಸರಿಗೆ ವಿಷಯ ಗೊತ್ತಾಗಿತ್ತು. ಕೊರತೆಯಿದ್ದದ್ದು ಶಾಸನದ ಸಾಕ್ಷಿಗೆ. ಅದು ಸಿಕ್ಕಿದ್ದು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಯಲ್ಲಿ. ಅಲ್ಲಿ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದೆ.

ಹೆಸರಿರುವ ಪ್ರತಿ ಮಸ್ಕಿಯದೊಂದೇ ಎಂಬುದೂ ತಪ್ಪು. ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳಂ ಶಾಸನಗಳಲ್ಲೂ ಅದಿದೆ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಂತೂ ಅಶೋಕನ ಕಲ್ಲಿನ ಚಿತ್ರವೇ ಸಿಕ್ಕಿದೆ, ಅದರ ಮೇಲೆ ಹೆಸರನ್ನೂ ಕೆತ್ತಿದ್ದಾರೆ.