ಪುಸ್ತಕ ಹೊತ್ತು ಮಾರಿದ ಮೇಷ್ಟ್ರು ರಾಜರತ್ನಂ

ಸಿದ್ದಾಪುರ: ಇಲ್ಲಿನ ಮಕ್ಕಳೂ ಹಾಡೋ ‘ನಾಯಿಮರಿ’ ಪದ್ಯ ಬರೆದವರು ಜಿ.ಪಿ. ರಾಜರತ್ನಂ (1908–1979). 1931ರಲ್ಲಿ ಕನ್ನಡ ಎಂ.ಎ. ಮುಗಿಸಿದರೂ ಕಾಯಂ ಕೆಲಸ ಬೇಗ ಸಿಗಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದರು. ಪಠ್ಯದ ಪದ್ಯಗಳು ಚಿಕ್ಕ ಮಕ್ಕಳಿಗೆ ಕಷ್ಟ ಅನ್ನಿಸಿ, ತಾವೇ ಬರೆಯತೊಡಗಿದರು. ಹಾಗೆ ಬಂತು ‘ತುತ್ತೂರಿ’. ನೌಕರಿ ಹುಡುಕಿ ಹೈದರಾಬಾದಿಗೂ ಹೋಗಿ ಬಂದರು.

1938ರಲ್ಲಿ ಕನ್ನಡ ಪಂಡಿತರಾದ ಮೇಲೆ ತಿಂಗಳ ಸಂಬಳದ ಆಸರೆ ಸಿಕ್ಕಿತು. ಆದರೂ ಪುಸ್ತಕಕ್ಕೆ ಬೇರೆ ಪ್ರಕಾಶಕರ ದಾರಿ ನೋಡುತ್ತ ಕೂರಲಿಲ್ಲ. ಶಾಕ್ಯ ಸಾಹಿತ್ಯ ಮಂಟಪದ ಹೆಸರಲ್ಲಿ ತಾವೇ ಅಚ್ಚು ಹಾಕಿಸಿ, ತಾವೇ ಹೊತ್ತು ಮಾರಿದರು. ಕಾಲೇಜು ಮೇಷ್ಟ್ರು ಪುಸ್ತಕದ ಗಂಟು ಹೊರೋದೇ ಅನ್ನೋ ಸಂಕೋಚ ಅವರಿಗಿರಲಿಲ್ಲ. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ವಿದ್ಯಾರ್ಥಿಗಳ ಬರಹವನ್ನೂ ಪುಸ್ತಕ ಮಾಡಿಸಿದರು.