ಬೆನೆಗಲ್ ನರಸಿಂಗರಾಯರು

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. 1915ರಲ್ಲಿ ಬೆಳಕಿಗೆ ಬಂದ ಈ ಬಂಡೆಯ ಬರಹದಲ್ಲಿ ಅರಸನು ಪ್ರಜೆಗಳಿಗೆ ತನ್ನ ಮಾತನ್ನು ತಿಳಿಸಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಕಳೆದ ಮೇಲೆ, 1951-52ರ ಪ್ರಥಮ ಮಹಾಚುನಾವಣೆಯಲ್ಲಿ, ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಪ್ರಜೆಗಳು ತಮ್ಮ ಮಾತನ್ನು ಆಳುವವರಿಗೆ ತಿಳಿಸಿದರು. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ, ವಯಸ್ಸಿಗೆ ಬಂದವರೆಲ್ಲರೂ ಮತ ನೀಡುವ ಪದ್ಧತಿ ಅದುವರೆಗೆ ಇರಲಿಲ್ಲ. ಆ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆಯನ್ನಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದವು. ಅಕ್ಷರ ಬಾರದ ಬೇಸಾಯಗಾರನೂ ತನಗೊಪ್ಪಿದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಬಹುದಾಗಿತ್ತು. ಆ ದಿನ ಒದಗಿ ಬರಲು ಶ್ರಮಿಸಿದ ಹಲವರಲ್ಲಿ, ಸಂವಿಧಾನ ಸಭೆಯ ಸದಸ್ಯರೇ ಅಲ್ಲದ ಕನ್ನಡನಾಡಿನ ವಿದ್ವಾಂಸರೊಬ್ಬರಿದ್ದರು. ಅವರೇ ಬೆನೆಗಲ್ ನರಸಿಂಗರಾಯರು.

ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿಯೂ ಮದರಾಸಿನಲ್ಲಿಯೂ ಓದಿ, ಕೇಂಬ್ರಿಜ್ಜಿನಲ್ಲಿ ವ್ಯಾಸಂಗವನ್ನು ಮುಗಿಸಿ, ಐ.ಸಿ.ಎಸ್. ಅಧಿಕಾರಿಯಾಗಿ ಬಂಗಾಳಕ್ಕೆ ಬಂದರು. ಮುಂದೆ ಅಸ್ಸಾಮಿನಲ್ಲಿ ದುಡಿದರು. ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಕೆಲಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನ ಮಂತ್ರಿಯೂ ಆಗಿದ್ದರು. ಪದವಿಗಳಿಗಿಂತ ಗ್ರಂಥಗಳಲ್ಲಿಯೇ ಅವರ ಮನಸ್ಸು ಹೆಚ್ಚಾಗಿ ನೆಲೆಸಿತ್ತೆಂದು ತೋರುತ್ತದೆ.

ಒಂದು ದೇಶದೊಳಗಿನ ಪ್ರಾಂತಗಳು ಪರಸ್ಪರ ಹೇಗೆ ಬಾಳಬೇಕೆಂಬ ಪ್ರಶ್ನೆಯನ್ನು ಅವರು ಎದುರಿಸಿದ್ದು ಒಂದು ನದಿಯ ದಡದಲ್ಲಿ. ಮೇಲಿನ ಪಂಜಾಬು ನೀರನ್ನು ಹಿಡಿದುಕೊಂಡರೆ ತನ್ನ ಹೊಲಗಳು ಒಣಗುವುವೆಂದು ಕೆಳಗಿನ ಸಿಂಧ್ ಪ್ರಾಂತವು ದೂರಿತು. ಅದರ ವಿಚಾರಣೆಗೆ ನೇಮಕವಾದ ಸಿಂಧೂ ಆಯೋಗಕ್ಕೆ ರಾಯರೇ ಅಧ್ಯಕ್ಷರು. ಅಮೆರಿಕದ ರಾಜ್ಯಗಳ ನಡುವಣ ನದೀವ್ಯಾಜ್ಯಗಳ ತೀರ್ಪುಗಳನ್ನು ಪರಿಶೀಲಿಸಿ, ಹರಿಯುವ ನದಿಗೆ ಯಾವ ಒಂದು ಪ್ರಾಂತವೂ ಸಂಪೂರ್ಣ ಒಡೆಯನಲ್ಲ, ನ್ಯಾಯಸಮ್ಮತವಾದ ಹಂಚಿಕೆಯೇ ಸರಿಯಾದ ಮಾರ್ಗ ಎಂದು 1942ರಲ್ಲಿ ಆಯೋಗವು ವರದಿಯಿತ್ತಿತು. ಎರಡು ಪ್ರಾಂತಗಳೂ ಅದನ್ನು ಒಪ್ಪಲಿಲ್ಲ. ಆದರೆ ಆ ವಿಚಾರವು ವ್ಯರ್ಥವಾಗಲಿಲ್ಲ. ಹಲವು ವರ್ಷಗಳ ಬಳಿಕ ಕೃಷ್ಣಾ ನದಿಯ ನೀರಿನ ಹಂಚಿಕೆಯನ್ನು ಕುರಿತು ನಡೆದ ವಿಚಾರಣೆಯಲ್ಲಿಯೂ ಅದು ಪ್ರಸ್ತಾಪಕ್ಕೆ ಬಂದಿತು.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಈ ಕಾರ್ಯಕ್ಕೆ ಅವರು ವೇತನವನ್ನು ಪಡೆಯಲಿಲ್ಲ. ಕೆನಡಾದಲ್ಲಿ ಹೆಸರಿಸದೆ ಉಳಿದ ಅಧಿಕಾರಗಳು ಕೇಂದ್ರಕ್ಕೆ ಸೇರಿದರೆ, ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ರಾಜ್ಯಗಳಿಗೆ ಸೇರುತ್ತವೆ. ಇಂತಹ ಭೇದಗಳನ್ನು ಕಲೆಹಾಕಿ, ಸದಸ್ಯರು ಓದಲೆಂದು ಅವರು ಪುಸ್ತಿಕೆಗಳನ್ನು ಸಿದ್ಧಪಡಿಸಿದರು. 1947ರ ಮಾರ್ಚಿಯಲ್ಲಿ ಪ್ರಶ್ನಾವಳಿಯೊಂದನ್ನು ಕಳುಹಿಸಿ ಶಾಸಕರ ಅಭಿಪ್ರಾಯಗಳನ್ನು ಕೇಳಿದರು. ಅದೇ ಅಕ್ಟೋಬರಿನಲ್ಲಿ 243 ಅನುಚ್ಛೇದಗಳೂ 13 ಅನುಸೂಚಿಗಳೂ ಉಳ್ಳ ಮೊದಲ ಕರಡು ಸಿದ್ಧವಾಯಿತು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಸಮಿತಿಯು ಅದನ್ನು ತಿದ್ದಿ ಬೆಳೆಸಿತು. ಸಭೆಯು ಅಂಗೀಕರಿಸುವ ಹೊತ್ತಿಗೆ ಅನುಚ್ಛೇದಗಳು 395 ಆಗಿದ್ದವು. ತಮಗೆ ಸಲ್ಲುವ ಕೀರ್ತಿಯಲ್ಲಿ ರಾಯರಿಗೂ ಪಾಲುಂಟೆಂದು ಅಂಬೇಡ್ಕರರು ಸಭೆಯಲ್ಲಿ ತುಂಬು ಮನಸ್ಸಿನಿಂದ ತಿಳಿಸಿದರು.

ರಾಯರ ಸಲಹೆಗಳೆಲ್ಲವೂ ಕಾಲದ ಪರೀಕ್ಷೆಯಲ್ಲಿ ಗೆದ್ದುವೆಂದು ಹೇಳಲಾಗದು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ನ್ಯಾಯವೇತ್ತರನ್ನು ಕಂಡರು. ಶಾಸನಗಳು ನ್ಯಾಯಯುತವೇ ಎಂದು ತೂಗಿ ನೋಡುವ ಅಪಾರ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುವುದು ಸರಿಯಲ್ಲವೆಂದು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ಹೇಳಿದ್ದು ಅವರ ಮನಸ್ಸಿಗೆ ಹಿಡಿಯಿತು. ಅದರಂತೆ, ಕಾನೂನು ವಿಧಿಸಿದ ಕ್ರಮವನ್ನು ಅನುಸರಿಸಿದರೆ ವ್ಯಕ್ತಿಯ ಸ್ವಾತಂತ್ರ್ಯವನ್ನು ಕಳೆಯಬಹುದೆಂಬ ಬಿಗಿಯಾದ ಮಾತು ಸಂವಿಧಾನವನ್ನು ಸೇರಿತು. ಸಭೆಯಲ್ಲಿ ಹಲವರು ಇದನ್ನು ವಿರೋಧಿಸಿದ್ದರು. 1978ರಲ್ಲಿ ಸುಪ್ರೀಂ ಕೋರ್ಟು, ಆ ಕ್ರಮವು ನ್ಯಾಯವಾದುದೂ ಆಗಿರಬೇಕೆಂದು ತೀರ್ಪಿತ್ತಿತು. ಈ ವಿಷಯದಲ್ಲಿ ರಾಯರ ಎಚ್ಚರಿಕೆ ತುಸು ಅತಿಯಾಯಿತೆನ್ನಬೇಕು.

ಚುನಾವಣೆಯ ಕೆಲಸವು ಇದಕ್ಕಿಂತ ಕಠಿನವಾಗಿತ್ತು. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆಗಳುಳ್ಳ ಕೆಲವರಿಗೆ ಮಾತ್ರ ಮತವಿತ್ತು. ಇನ್ನು ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬರ ಹೆಸರನ್ನೂ ಮನೆ ಮನೆಗೆ ಹೋಗಿ ಬರೆದುಕೊಳ್ಳಬೇಕಾಗಿತ್ತು. ದೇಶ ವಿಭಜನೆಗೊಂಡು ಲಕ್ಷಾಂತರ ನಿರಾಶ್ರಿತರು ಊರು ಬಿಟ್ಟು ಅಲೆಯುತ್ತಿದ್ದ ಸಮಯವದು. ಸಂವಿಧಾನವು ಪೂರ್ಣಗೊಳ್ಳುವವರೆಗೂ ಕಾಯದೆ, ರಾಯರ ಮಾರ್ಗದರ್ಶನದಲ್ಲಿ ಸಭೆಯ ಸಚಿವಾಲಯವು ಮತದಾರರ ಪಟ್ಟಿಯ ಕೆಲಸವನ್ನು ಆರಂಭಿಸಿತು. ಮೊದಲ ಚುನಾವಣೆಯ ವೇಳೆಗೆ ಪಟ್ಟಿಯಲ್ಲಿ ಹದಿನೇಳು ಕೋಟಿಗೂ ಹೆಚ್ಚು ಹೆಸರುಗಳಿದ್ದವು.

ಆ ವೇಳೆಗೆ ರಾಯರು ದೇಶದಲ್ಲಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಅವರು 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜೂರಿಚ್ ನಗರದಲ್ಲಿ ನಿಧನ ಹೊಂದಿದರು. ಹೈದರಾಬಾದು ಮತ್ತು ಮದರಾಸು ಸರ್ಕಾರಗಳು ಒಪ್ಪಂದ ಮಾಡಿಕೊಂಡು ಕಟ್ಟಲು ತೊಡಗಿದ್ದ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗಳಿಗೆ ಮೊದಲ ನೀರು ಹರಿದುದು ಅದೇ ವರ್ಷ. ಮುಂದೆ ಆ ನೀರು ಎಡದಂಡೆಯ ಕಾಲುವೆಯಲ್ಲಿ ಸಾಗಿ ಸಿಂಧನೂರಿನ ಹೊಲಗಳನ್ನು ತಲಪಿತು.